ಬೊಲೊನ್ಯಾದ ಜಗುಲಿಯಲ್ಲಿ ಎರಡು ರಾತ್ರಿ

ಇಟಲಿಗೆ ಹೋಗ್ತಿದ್ದೀನಿ ಅಂದಾಗ ಆಫೀಸಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ರೋಮಾ, ವೆನಿಸ್ಸಾ?" ಬೊಲೊನ್ಯಾ ಅಂದೆ. "ಅದೆಲ್ಲಿದೆ?" ಅಂದರು. ಅವರ ತಪ್ಪಲ್ಲ. ಟೂರ್ ಪ್ಯಾಕೇಜಿನಲ್ಲಿ ಇಟಲಿಗೆ ಹೋಗುವ ನಮ್ಮವರಿಗೆ ಬೊಲೊನ್ಯಾ ಅಂದರೆ ಫ್ಲಾರೆನ್ಸ್‌ನಿಂದ ವೆನಿಸ್‌ಗೆ ಹೋಗುವಾಗ ರೈಲು ನಾಲ್ಕು ನಿಮಿಷ ನಿಲ್ಲುವ ಒಂದು ಸ್ಟೇಷನ್. ಕೆಲವರು ಇಳಿದು ಕಾಫಿ ಕುಡಿದು ಮತ್ತೆ ಹತ್ತುತ್ತಾರೆ.

ನಾನು ಹೋಗಿದ್ದೂ ಊರು ನೋಡೋಕಲ್ಲ. ಟೀ ಬ್ಯಾಗ್ ತುಂಬುವ, ಮಾತ್ರೆಯ ಸ್ಟ್ರಿಪ್ ಮಾಡುವ ಯಂತ್ರಗಳ ಕಾರ್ಖಾನೆಗಳು ಈ ಊರಿನ ಸುತ್ತಮುತ್ತ ಬೇಕಾದಷ್ಟಿವೆ. ಅಂಥದ್ದೊಂದು ಯಂತ್ರದ ಸಾಫ್ಟ್‌ವೇರ್ ನಮ್ಮ ತಂಡದ್ದು. 2025ರ ಜುಲೈನಲ್ಲಿ ಒಂದು ವಾರದ ಕೆಲಸ. ಶುಕ್ರವಾರ ಮಧ್ಯಾಹ್ನಕ್ಕೆ ಮುಗಿಯಿತು. ವಾಪಸ್ ವಿಮಾನ ಭಾನುವಾರ ಸಂಜೆ. ನಡುವೆ ಎರಡು ರಾತ್ರಿ, ಒಂದೂವರೆ ಹಗಲು.

ಆ ಎರಡು ದಿನವೂ ಫೋನಿನಲ್ಲಿ ಇನ್ನೊಂದು ವಿಷಯ ನಡೆಯುತ್ತಿತ್ತು. ರಾಮನಗರದಲ್ಲಿ ನಮ್ಮ ಹಳೆಯ ಹೆಂಚಿನ ಮನೆ ಕೆಡವಿ ಹೊಸದು ಕಟ್ಟಬೇಕಿತ್ತು. ಮೂವತ್ತು ನಲವತ್ತರ ಸೈಟು. ಕೆಳಗೆ ಮೂರು ಮಳಿಗೆ, ಮೇಲೆ ಬಾಡಿಗೆ ಮನೆ, ಅದರ ಮೇಲೆ ನಾವು. ಸಾಲ ನನ್ನ ಹೆಸರಿನಲ್ಲಿ, ಆದ್ದರಿಂದ ಪ್ಲಾನ್ ಕೂಡ ನನ್ನದೇ. ಒಂದಡಿಯೂ ವ್ಯರ್ಥವಾಗದ ಹಾಗೆ ಗೋಡೆಯನ್ನು ಚರಂಡಿಯ ಅಂಚಿಗೇ ತಂದು ನಿಲ್ಲಿಸಿದ್ದೆ. ಅಪ್ಪ ಕೇಳಿದ್ದು ಒಂದೇ, "ಜಗುಲಿ ಎಲ್ಲೋ?" ನಾನು ಹೇಳಿದ್ದೂ ಒಂದೇ, "ಜಗುಲಿಗೆ ಯಾರಪ್ಪಾ ಬಾಡಿಗೆ ಕೊಡ್ತಾರೆ?"

ಅಪ್ಪ ಆಮೇಲೆ ಮಾತಾಡಲಿಲ್ಲ. ಸೋಮವಾರದೊಳಗೆ ಪ್ಲಾನ್ ಒಪ್ಪಿಗೆ ಕಳಿಸಿ ಅಂತ ಎಂಜಿನಿಯರ್ ವಾಟ್ಸ್ಆ್ಯಪ್‌ನಲ್ಲಿ ಪಿಡಿಎಫ್ ಹಾಕಿ ಕೂತಿದ್ದರು.

ಒತ್ತುವರಿಯಿಂದ ಹುಟ್ಟಿದ ಕಾಲುದಾರಿ

ಬೊಲೊನ್ಯಾದಲ್ಲಿ ಮೊದಲು ಕಣ್ಣಿಗೆ ಬೀಳೋದು ಪೋರ್ಟಿಕೊ. ರಸ್ತೆಯ ಎರಡೂ ಬದಿ ಮನೆಗಳ ಕೆಳ ಅಂತಸ್ತು ಹಿಂದೆ ಸರಿದಿದೆ, ಮೇಲಿನ ಅಂತಸ್ತು ಕಂಬಗಳ ಮೇಲೆ ಮುಂದೆ ಚಾಚಿದೆ. ನಡುವೆ ಉಳಿದ ಜಾಗವೇ ಕಾಲುದಾರಿ. ಒಂದು ಮನೆಯದು ಮುಗಿಯುತ್ತಿದ್ದಂತೆ ಪಕ್ಕದ ಮನೆಯದು ಶುರು. ಊರಿನಲ್ಲಿ ಇಂಥ ಪೋರ್ಟಿಕೊಗಳ ಒಟ್ಟು ಉದ್ದ 62 ಕಿಲೋಮೀಟರ್. 2021ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಜುಲೈ ಬಿಸಿಲು ನಮ್ಮ ರಾಯಚೂರಿನ ಹಾಗೆ. ಆದರೂ ನಾನು ಬ್ಯಾಗ್ ಎಳೆದುಕೊಂಡು ಸ್ಟೇಷನ್ ಕಡೆಯಿಂದ ಊರಿನ ಮಧ್ಯದವರೆಗೆ ಹೆಚ್ಚುಕಮ್ಮಿ ನೆರಳಲ್ಲೇ ನಡೆದೆ. ಮಳೆ ಬಂದರೂ ಕೊಡೆ ಬೇಕಿಲ್ಲ ಅಂತ ಹೋಟೆಲಿನ ಹುಡುಗಿ ಹೇಳಿದಳು. ನನಗೆ ಆಶ್ಚರ್ಯವಾಗಿದ್ದು ಇದರ ಇತಿಹಾಸ.

ಈ ಊರಿನ ವಿಶ್ವವಿದ್ಯಾಲಯ ಶುರುವಾದದ್ದು 1088ರಲ್ಲಿ ಅನ್ನುತ್ತಾರೆ. ಪಶ್ಚಿಮ ಜಗತ್ತಿನಲ್ಲೇ ಹಳೆಯದು. ಓದಲು ಬಂದವರಿಗೆ, ಕೆಲಸಕ್ಕೆ ಬಂದವರಿಗೆ ಇರಲು ಜಾಗ ಸಾಲದಾಯಿತು. ಮನೆಮಾಲೀಕರು ಏನು ಮಾಡಿದರು? ಮೇಲಿನ ಅಂತಸ್ತನ್ನು ರಸ್ತೆಯ ಮೇಲಕ್ಕೆ ಚಾಚಿ ರೂಮು ಮಾಡಿದರು. ಭಾರ ಹೆಚ್ಚಿದಾಗ ರಸ್ತೆಯಲ್ಲೇ ಕಂಬ ನೆಟ್ಟರು. ಪಿಜಿ ಮಾಲೀಕರ ಬುದ್ಧಿ ಸಾವಿರ ವರ್ಷದಿಂದ ಹೀಗೇ ಇದೆ ನೋಡಿ!

ಊರಿನ ಆಡಳಿತ ಅದನ್ನೆಲ್ಲ ಒಡೆಸಬಹುದಿತ್ತು. ಕಣ್ಣುಮುಚ್ಚಿ ಸುಮ್ಮನಿರಬಹುದಿತ್ತು. 1288ರಲ್ಲಿ ಮಾಡಿದ ಕಾನೂನು ಇವೆರಡೂ ಅಲ್ಲ. ಇನ್ನು ಮುಂದೆ ಮನೆ ಕಟ್ಟುವವರೆಲ್ಲ ಪೋರ್ಟಿಕೊ ಕಟ್ಟಲೇಬೇಕು. ಕುದುರೆಯ ಮೇಲೆ ಕೂತವನು ತಲೆ ತಗಲದೆ ಹೋಗುವಷ್ಟು ಎತ್ತರ ಇರಬೇಕು. ಜಾಗ ಮಾಲೀಕನದು, ರಿಪೇರಿ ಖರ್ಚೂ ಅವನದು, ಆದರೆ ನಡೆಯುವ ಹಕ್ಕು ಎಲ್ಲರದು.

ಸ್ಟ್ರಾದಾ ಮಜ್ಜೋರೆ ಎಂಬ ರಸ್ತೆಯಲ್ಲಿ ಕಾಸಾ ಇಸೊಲಾನಿ ಅಂತ 13ನೇ ಶತಮಾನದ ಮನೆಯಿದೆ. ಅದರ ಪೋರ್ಟಿಕೊಗೆ ಇವತ್ತಿಗೂ ಎತ್ತರದ ಮರದ ಕಂಬಗಳು. ಅದರ ಮರದ ಮಾಡಿನಲ್ಲಿ ಮೂರು ಬಾಣಗಳು ಸಿಕ್ಕಿಕೊಂಡಿವೆ ಅಂತ ಹೇಳುತ್ತಾರೆ. ಕತ್ತೆತ್ತಿ ಹುಡುಕುತ್ತಾ ನಿಂತವರು ಹತ್ತು ಜನ ಇದ್ದರು. ನನಗೆ ಹತ್ತು ನಿಮಿಷಕ್ಕೆ ಒಂದು ಬಾಣ ಸಿಕ್ಕಿತು, ಇನ್ನೆರಡು ಸಿಗಲಿಲ್ಲ.

ಗೋಡೆಯ ಕಿಟಕಿಯಲ್ಲಿ ಕಾಲುವೆ

ವೀಯಾ ಪಿಯೆಲ್ಲಾ ಅನ್ನುವ ಗಲ್ಲಿಯಲ್ಲಿ ಗೋಡೆಗೊಂದು ಪುಟ್ಟ ಕಿಟಕಿ ಇದೆ. ಬಾಗಿಲು ತೆಗೆದರೆ ಕೆಳಗೆ ನೀರು ಹರಿಯುತ್ತಿರುತ್ತದೆ. ಎರಡೂ ಕಡೆ ಹಳದಿ, ಕೆಂಪು ಗೋಡೆಗಳು ನೇರ ನೀರಿಗೆ ಇಳಿದಿವೆ. ಫೋಟೊಕ್ಕೆ ಸಣ್ಣ ಸರದಿಯೂ ಇರುತ್ತದೆ. ಹೆಚ್ಚಿನವರು "ಪುಟ್ಟ ವೆನಿಸ್" ಅಂತ ರೀಲ್ ಮಾಡಿ ಹೋಗುತ್ತಾರೆ.

ನಾನು ಸ್ವಲ್ಪ ಹೊತ್ತು ನಿಂತೆ. ಯಾಕೆಂದರೆ ಇದು ರೇಷ್ಮೆಯ ಕಾಲುವೆ. ರೇನೊ ನದಿಯ ನೀರನ್ನು ಕಾಲುವೆಗಳಲ್ಲಿ ಊರೊಳಗೆ ತಂದು, ಮನೆಗಳ ನೆಲಮಾಳಿಗೆಗೆ ಹರಿಸಿ, ಅದರಿಂದ ಚಕ್ರ ತಿರುಗಿಸಿ ರೇಷ್ಮೆ ನೂಲಿಗೆ ಹುರಿ ಕೊಡುತ್ತಿದ್ದರು. ಕೆಲವು ಶತಮಾನಗಳ ಕಾಲ ಯುರೋಪಿನ ದೊಡ್ಡ ರೇಷ್ಮೆ ಊರುಗಳಲ್ಲಿ ಇದೂ ಒಂದು. ಇಲ್ಲಿನ ತೆಳು ರೇಷ್ಮೆ ಬಟ್ಟೆಗೆ ಹೆಸರಿತ್ತು. ಯಂತ್ರದ ಗುಟ್ಟನ್ನು ಹೊರಗೆ ಬಿಡದಂತೆ ಕಾಯುತ್ತಿದ್ದರು. 20ನೇ ಶತಮಾನದಲ್ಲಿ ಹೆಚ್ಚಿನ ಕಾಲುವೆಗಳ ಮೇಲೆ ರಸ್ತೆ ಹಾಸಿಬಿಟ್ಟರು. ಹೀಗೆ ಅಲ್ಲಲ್ಲಿ ಕಿಟಕಿಯಷ್ಟು ಉಳಿದಿದೆ.

ನಮ್ಮ ತಾತ ರೀಲರ್. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗಿ ರೇಷ್ಮೆಗೂಡು ತಂದು, ಹಿತ್ತಿಲಲ್ಲಿ ಬಿಸಿನೀರಿಗೆ ಹಾಕಿ ನಾಲ್ಕು ಚರಕದಲ್ಲಿ ನೂಲು ಬಿಚ್ಚಿಸುತ್ತಿದ್ದರು. ಆ ವಾಸನೆ ಗೊತ್ತಿದ್ದವರಿಗೇ ಗೊತ್ತು. ಸ್ಕೂಲಲ್ಲಿ ನನ್ನ ಯೂನಿಫಾರ್ಮಿನಿಂದಲೂ ಅದೇ ವಾಸನೆ ಬರುತ್ತಿತ್ತು ಅಂತ ನಾಚಿಕೆಪಟ್ಟವನು ನಾನು. ಇಲ್ಲಿ ಅದೇ ಕೆಲಸದ ಪಳೆಯುಳಿಕೆ ನೋಡಲು ಜನ ಸರದಿ ನಿಂತಿದ್ದರು.

ಊರಿನ ಹೊರವಲಯದಲ್ಲಿ ಹಳೆಯ ಇಟ್ಟಿಗೆ ಕಾರ್ಖಾನೆಯೊಂದನ್ನು ಕೈಗಾರಿಕಾ ಪರಂಪರೆಯ ಮ್ಯೂಸಿಯಂ ಮಾಡಿದ್ದಾರೆ. ಅಲ್ಲಿ ಆ ರೇಷ್ಮೆ ಯಂತ್ರದ ತಿರುಗುವ ಮಾದರಿ ಇದೆ. ಎಂಜಿನಿಯರಿಂಗ್ ಓದಿದವರು ಚರ್ಚುಗಳಲ್ಲಿ ಒಂದನ್ನು ಬಿಟ್ಟಾದರೂ ಅಲ್ಲಿಗೆ ಹೋಗಿ. ವಾರದಲ್ಲಿ ಎಲ್ಲ ದಿನವೂ ತೆರೆದಿರುವುದಿಲ್ಲ, ಮೊದಲೇ ನೋಡಿಕೊಳ್ಳಿ.

ಹಗಲಿಗೆ ಮೂರು ಜಾಗ

ಊರಿನ ಎರಡು ಗೋಪುರಗಳ ಫೋಟೊ ನೀವು ನೋಡಿರಬಹುದು. 97 ಮೀಟರ್ ಎತ್ತರದ ಅಸಿನೆಲ್ಲಿ, ಪಕ್ಕದಲ್ಲಿ ಅದಕ್ಕಿಂತ ಗಿಡ್ಡ, ಅದಕ್ಕಿಂತ ವಾಲಿದ ಗರಿಸೆಂಡಾ. ಗರಿಸೆಂಡಾ ಇನ್ನೂ ವಾಲೀತು ಎಂಬ ಭಯದಿಂದ 2023ರಲ್ಲಿ ಸುತ್ತ ಬೇಲಿ ಹಾಕಿದರು. ನಾನು ಹೋದಾಗಲೂ ಹತ್ತಲು ಬಿಡುತ್ತಿರಲಿಲ್ಲ. ಬೇಸರ ಬೇಡ, ಇನ್ನೂ ಮೂರು ಜಾಗ ಹೇಳ್ತೀನಿ.

ಒಂದು, ಆರ್ಕಿಜಿನ್ನಾಸಿಯೊ. 1563ರಿಂದ 1803ರವರೆಗೆ ವಿಶ್ವವಿದ್ಯಾಲಯ ಇದ್ದ ಕಟ್ಟಡ. ಗೋಡೆ, ಮಾಡು, ಮೆಟ್ಟಿಲು ಎಲ್ಲೆಲ್ಲೂ ಓದಿ ಹೋದ ಹುಡುಗರ ಲಾಂಛನಗಳು, ಸುಮಾರು 6000. ನಮ್ಮ ಕಾಲೇಜಿನ ಬೆಂಚಿನ ಮೇಲೆ ಕಂಪಾಸಿನಲ್ಲಿ ಕೆತ್ತುತ್ತಿದ್ದ ಹೆಸರುಗಳಿಗೆ ಬಣ್ಣ ಬಳಿದು ಮರ್ಯಾದೆ ಕೊಟ್ಟ ಹಾಗಿದೆ. ಮೇಲೆ 1637ರ ಅಂಗರಚನಾ ರಂಗಮಂದಿರ ಇದೆ. ಪೂರ್ತಿ ಮರದ ಕೋಣೆ, ಮಧ್ಯೆ ಹೆಣ ಕೊಯ್ಯುವ ಅಮೃತಶಿಲೆಯ ಮೇಜು, ಸುತ್ತ ವಿದ್ಯಾರ್ಥಿಗಳು ಕೂರುವ ಮೆಟ್ಟಿಲು. 1944ರ ಬಾಂಬ್ ದಾಳಿಯಲ್ಲಿ ಇದು ಕುಸಿದು ಬಿತ್ತು. ಅವಶೇಷಗಳಿಂದ ಮರದ ತುಂಡುಗಳನ್ನು ಹೆಕ್ಕಿ ತೆಗೆದು ಮತ್ತೆ ಜೋಡಿಸಿದರು. ಅಂದ ಹಾಗೆ, 1732ರಲ್ಲೇ ಲೌರಾ ಬಸ್ಸಿ ಎಂಬ ಹೆಣ್ಣುಮಗಳಿಗೆ ಡಾಕ್ಟರೇಟ್ ಜೊತೆ ಪಾಠ ಹೇಳುವ ಹುದ್ದೆಯನ್ನೂ ಕೊಟ್ಟ ವಿಶ್ವವಿದ್ಯಾಲಯ ಇದು.

ಎರಡು, ಸಾನ್ ಪೆತ್ರೋನಿಯೊ ಚರ್ಚ್. ಊರಿನ ಮುಖ್ಯ ಚೌಕ ಪಿಯಾತ್ಸಾ ಮಜ್ಜೋರೆಯಲ್ಲೇ ಇದೆ. ಮುಂಭಾಗದ ಕೆಳಗಿನ ಅರ್ಧಕ್ಕೆ ಅಮೃತಶಿಲೆ, ಮೇಲಿನರ್ಧ ಬರೀ ಇಟ್ಟಿಗೆ. ಶತಮಾನಗಳಿಂದ ಹಾಗೇ ನಿಂತಿದೆ. ದುಡ್ಡು ಮುಗಿದು ಪ್ಲಾಸ್ಟರಿಂಗ್ ಆಗದ ಮನೆ ನಮ್ಮ ಬೀದಿಯಲ್ಲೂ ಇದೆ ಅಂತ ಸಮಾಧಾನವಾಯಿತು. ಒಳಗೆ ನೆಲದ ಮೇಲೆ 1655ರಲ್ಲಿ ಖಗೋಳಜ್ಞ ಕಸ್ಸೀನಿ ಎಳೆಸಿದ ಸುಮಾರು 67 ಮೀಟರ್ ಉದ್ದದ ಗೆರೆ. ಮಾಡಿನಲ್ಲಿ ಒಂದು ತೂತು. ಅಲ್ಲಿಂದ ಇಳಿದ ಬಿಸಿಲಿನ ಬಿಲ್ಲೆ ನಡುಮಧ್ಯಾಹ್ನ ಸರಿಯಾಗಿ ಗೆರೆಯನ್ನು ದಾಟುತ್ತದೆ. ದಿನದಿನಕ್ಕೂ ದಾಟುವ ಜಾಗ ಬದಲು, ಅದೇ ಕ್ಯಾಲೆಂಡರ್. ಹನ್ನೆರಡಕ್ಕೆ ಹೋಗಿ ಕಾಯಬೇಡಿ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ಅಲ್ಲಿನ ನಡುಮಧ್ಯಾಹ್ನ ಆಗೋದು ಒಂದೂಕಾಲರ ನಂತರ. ನಾನು ಒಂದು ಹತ್ತಕ್ಕೆ ಹೋಗಿ ಕೂತೆ. ಒಂದೂ ಇಪ್ಪತ್ತರ ಹೊತ್ತಿಗೆ ಬಿಲ್ಲೆ ಗೆರೆ ಮುಟ್ಟಿತು. ಬ್ಯಾಟರಿ ಇಲ್ಲ, ಅಪ್‌ಡೇಟ್ ಇಲ್ಲ, 370 ವರ್ಷದಿಂದ ಓಡ್ತಿದೆ. ನಮ್ಮ ಕೋಡ್ ಮೂರು ತಿಂಗಳಿಗೆ ಹಳೆಯದಾಗುತ್ತದೆ.

ಮೂರು, ಅದೇ ಚೌಕದ ಪೊದೆಸ್ತಾ ಅರಮನೆಯ ಕೆಳಗಿನ ಕಮಾನು. ನಾಲ್ಕು ಮೂಲೆಗಳಲ್ಲಿ ಒಂದರಲ್ಲಿ ಗೋಡೆಗೆ ಮುಖಮಾಡಿ ಪಿಸುಗುಟ್ಟಿದರೆ ಎದುರು ಮೂಲೆಯವರಿಗೆ ಕಿವಿಯಲ್ಲೇ ಹೇಳಿದ ಹಾಗೆ ಕೇಳುತ್ತದೆ. ನಾನು ಒಬ್ಬನೇ. ಯಾರ ಜೊತೆ ಪಿಸುಗುಟ್ಟೋದು? ಸುಮ್ಮನೆ ಮೂಲೆಗೆ ಹೋಗಿ "ನಮಸ್ಕಾರ" ಅಂದೆ. ಎದುರು ಮೂಲೆಯಲ್ಲಿದ್ದ ಐದಾರು ವರ್ಷದ ಹುಡುಗಿ ಬೆಚ್ಚಿ ತಿರುಗಿದಳು. ಆಮೇಲೆ ಮತ್ತೆ ಗೋಡೆಗೆ ಬಾಯಿಟ್ಟು "ಚಾವ್" ಅಂದಳು. ಹತ್ತಿರದಲ್ಲೇ ನೆಪ್ಚೂನನ ಕಾರಂಜಿ ಇದೆ. ಮಸೆರಾಟಿ ಕಾರಿನ ತ್ರಿಶೂಲ ಅವನ ಕೈಯಿಂದಲೇ ಬಂದದ್ದು. ಆ ಮೂರ್ತಿಗೆ ಸಂಬಂಧಿಸಿದ ಇನ್ನೊಂದು ಗುಟ್ಟಿದೆ, ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ. ಅಲ್ಲಿಗೆ ಹೋದಾಗ ಯಾರನ್ನಾದರೂ ಕೇಳಿ, ನಗ್ತಾ ತೋರಿಸ್ತಾರೆ.

ಸಂಜೆ ಆರರ ನಂತರ

ಇನ್ನು ರಾತ್ರಿಯ ಮಾತು. ನೈಟ್‌ಲೈಫ್ ಅಂದರೆ ನಮ್ಮ ತಲೆಯಲ್ಲಿ ಕೋರಮಂಗಲದ ಚಿತ್ರ: ಬಾಗಿಲಲ್ಲಿ ಬೌನ್ಸರ್, ಒಳಗೆ ಕಿವಿ ಕಿತ್ತುಹೋಗುವ ಸದ್ದು, ಹೊರಗೆ ಬಂದಾಗ ತಿಂಗಳ ದಿನಸಿಯಷ್ಟು ಬಿಲ್ಲು. ಬೊಲೊನ್ಯಾದಲ್ಲಿ ಅಂಥ ಕ್ಲಬ್‌ಗಳೂ ಇರಬಹುದು, ನನಗೆ ಅಗತ್ಯ ಬೀಳಲಿಲ್ಲ. ಅಲ್ಲಿ ರಾತ್ರಿ ನಡೆಯೋದು ಬೀದಿಯಲ್ಲಿ.

ಆರೂವರೆಗೆ "ಅಪೆರಿತೀವೊ" ಶುರು. ಒಂದು ಲೋಟ ಏನಾದರೂ ತಗೊಂಡರೆ ಜೊತೆಗೆ ಆಲಿವ್, ಬ್ರೆಡ್ಡು, ಚಿಪ್ಸು ಕೊಡುತ್ತಾರೆ. ಊಟಕ್ಕೆ ಮೊದಲಿನ ಹರಟೆ ಅದು. ಚೌಕದ ಪಕ್ಕದ ಕ್ವಾದ್ರಿಲಾತೆರೊ ಅನ್ನುವುದು ಹಳೆಯ ಮಾರುಕಟ್ಟೆಯ ಇಕ್ಕಟ್ಟು ಗಲ್ಲಿಗಳ ಜಾಲ. ಹಗಲು ತರಕಾರಿ, ಚೀಸು, ಮೀನು ಮಾರುವ ಕಡೆ ಸಂಜೆ ಮೇಜುಗಳು ಬರುತ್ತವೆ.

ಅಲ್ಲೇ ಒಂದು ಸಂದಿಯಲ್ಲಿ ಒಸ್ತೆರಿಯಾ ದೆಲ್ ಸೋಲೆ ಇದೆ, 1465ರಿಂದ. ಇಲ್ಲಿ ಊಟ ಕೊಡೋದಿಲ್ಲ. ಕುಡಿಯಲು ಮಾತ್ರ ಕೊಡುತ್ತಾರೆ, ತಿಂಡಿ ನೀವೇ ತರಬೇಕು! ನಾನು ಹೊರಗಿನ ಅಂಗಡಿಯಲ್ಲಿ ಬ್ರೆಡ್ಡು, ಚೀಸು, ಟೊಮೆಟೊ ತಗೊಂಡು ಹೋಗಿ, ಪಿನ್ಯೊಲೆತ್ತೊ ಎಂಬ ಅಲ್ಲಿನ ಬಿಳಿ ವೈನ್ ಒಂದು ಲೋಟ ಕೇಳಿದೆ. (ಅಮ್ಮ ಆನ್‌ಲೈನ್ ಪತ್ರಿಕೆ ಓದಲ್ಲ ಎಂಬ ಧೈರ್ಯ.) ಉದ್ದನೆ ಮರದ ಬೆಂಚು, ಯಾರ ಪಕ್ಕದಲ್ಲಾದರೂ ಕೂರಬಹುದು. ನನ್ನ ಎದುರು ಕೂತ ಗುಂಪು ಮನೆಯಿಂದ ಡಬ್ಬಿ ಕಟ್ಟಿಕೊಂಡು ಬಂದಿತ್ತು. ಒಂದು ತುಂಡು ಕಾಯಿಪಲ್ಯದ ಕಡುಬಿನಂಥದ್ದು ನನಗೂ ಬಂತು. ರಾತ್ರಿ ಹತ್ತರೊಳಗೆ ಬಾಗಿಲು ಹಾಕುತ್ತಾರೆ, ಸಂಜೆಯೇ ಹೋಗಿ.

ಊಟದ ಬಗ್ಗೆ ಸಸ್ಯಾಹಾರಿಗಳಿಗೆ ನಾಲ್ಕು ಮಾತು. ಈ ಊರಿಗೆ "ಕೊಬ್ಬಿದ ಊರು" ಅಂತಲೇ ಅಡ್ಡಹೆಸರು. ಹಂದಿ, ದನದ ಮಾಂಸ ಎಲ್ಲೆಲ್ಲೂ ಇದೆ. ತೊರ್ತೆಲ್ಲೀನಿ ಚಿಕ್ಕದು, ಒಳಗೆ ಮಾಂಸ. ತೊರ್ತೆಲ್ಲೋನಿ ದೊಡ್ಡದು, ಒಳಗೆ ಸಾಮಾನ್ಯವಾಗಿ ರಿಕೋತ್ತಾ ಚೀಸು, ಬೆಣ್ಣೆ ಮತ್ತು ಸೇಜ್ ಎಲೆಯಲ್ಲಿ ಬಾಡಿಸಿ ಕೊಡುತ್ತಾರೆ. ಒಂದಕ್ಷರದ ವ್ಯತ್ಯಾಸ, ಗಟ್ಟಿಯಾಗಿ ಓದಿ ಆರ್ಡರ್ ಮಾಡಿ. ಇಲ್ಲಿನ ತಾಜಾ ಪಾಸ್ತಾಕ್ಕೆ ಮೊಟ್ಟೆ ಹಾಕುತ್ತಾರೆ. ಪೂರಿಯ ಹಾಗೆ ಉಬ್ಬುವ ಕ್ರೆಶೆಂತೀನಾ ನೋಡಿ ಖುಷಿಪಡಬೇಡಿ, ಹಂದಿಕೊಬ್ಬಿನಲ್ಲಿ ಕರಿಯುವುದೇ ರೂಢಿ, ಕೇಳಿ ತಿನ್ನಿ. ಜೆಲಾತೊಗೆ ಮಾತ್ರ ಯಾವ ಷರತ್ತೂ ಇಲ್ಲ.

ಊಟದ ನಂತರ ಹುಡುಗರು ಸೇರೋದು ಎರಡು ಕಡೆ. ವಿಶ್ವವಿದ್ಯಾಲಯದ ಪಕ್ಕದ ಪಿಯಾತ್ಸಾ ವೆರ್ದಿ, ಮತ್ತು ಪಶ್ಚಿಮಕ್ಕೆ ವೀಯಾ ದೆಲ್ ಪ್ರಾತೆಲ್ಲೊ. ಪ್ರಾತೆಲ್ಲೊ ಉದ್ದನೆಯ ಸಪೂರ ಬೀದಿ, ಪೋರ್ಟಿಕೊ ಕೆಳಗೆ ಸಾಲಾಗಿ ಪುಟ್ಟ ಬಾರು, ಪಿಜ್ಜಾ ಅಂಗಡಿ. ಒಳಗೆ ಹತ್ತು ಜನ, ಹೊರಗೆ ನೂರು ಜನ. ಜಗುಲಿಯ ಮೇಲೆ ಕೂತ ಹಾಗೆ ಕಂಬಕ್ಕೊರಗಿ ನೆಲದ ಮೇಲೇ ಕೂರುತ್ತಾರೆ. ಒಬ್ಬ ಗಿಟಾರ್ ಬಾರಿಸುತ್ತಿದ್ದ, ಪಕ್ಕದಲ್ಲಿ ಇಬ್ಬರು ಪರೀಕ್ಷೆಗೆ ಓದುತ್ತಿದ್ದರು. ಮೇಲಿನ ಮನೆಯವರಿಗೆ ನಿದ್ದೆ ಬರುತ್ತಾ ಅಂತ ಯೋಚಿಸುತ್ತಿರುವಾಗಲೇ ಒಬ್ಬ ಹೆಂಗಸು ಕಿಟಕಿ ತೆಗೆದು ಬೈದು ಮುಚ್ಚಿದರು. ಸದ್ದಿನ ಜಗಳ ಇಲ್ಲೂ ಇದೆ. ಪಿಯಾತ್ಸಾ ವೆರ್ದಿ ಕಡೆ ತಡರಾತ್ರಿ ಜೇಬಿನ ಮೇಲೆ ಒಂದು ಕೈ ಇರಲಿ.

ಸಂಗೀತ ಬೇಕೆನ್ನುವವರಿಗೆ ವೀಯಾ ಮಸ್ಕರೆಲ್ಲಾದಲ್ಲಿ ಹಳೆಯ ಅರಮನೆಯೊಂದರ ನೆಲಮಾಳಿಗೆಯ ಜಾಜ್ ಕ್ಲಬ್ ಕಾಂತೀನಾ ಬೆಂತಿವೊಲ್ಯೊ ಇದೆ. 2006ರಲ್ಲೇ ಯುನೆಸ್ಕೊ ಬೊಲೊನ್ಯಾವನ್ನು ಸಂಗೀತದ ನಗರ ಅಂತ ಗುರುತಿಸಿದೆ. ಬೇಸಿಗೆಯಲ್ಲಿ ಹೋಗುವವರು ಕಾರ್ಯಕ್ರಮ ಇದೆಯೇ ಅಂತ ಮೊದಲೇ ನೋಡಿ.

ಚೌಕದಲ್ಲಿ ಸಿನಿಮಾ

ಶನಿವಾರ ರಾತ್ರಿ ಪಿಯಾತ್ಸಾ ಮಜ್ಜೋರೆಗೆ ವಾಪಸ್ ಬಂದರೆ ಚೌಕವೇ ಟೆಂಟ್ ಸಿನಿಮಾ ಆಗಿತ್ತು. ದೊಡ್ಡ ಪರದೆ, ಸಾವಿರಾರು ಜನ. ಕುರ್ಚಿ ಸಿಗದವರು ಚರ್ಚಿನ ಮೆಟ್ಟಿಲ ಮೇಲೆ. ಟಿಕೆಟ್ ಇಲ್ಲ. ಬೇಸಿಗೆಯಲ್ಲಿ ಊರಿನ ಸಿನಿಮಾ ಸಂಸ್ಥೆ ಚಿನೆತೇಕಾ ವಾರಗಟ್ಟಲೆ ಹೀಗೆ ತೋರಿಸುತ್ತದೆ. ಅವತ್ತು ಒಂದು ಹಳೆಯ ಕಪ್ಪುಬಿಳುಪು ಚಿತ್ರ. ಭಾಷೆ ಅರ್ಥವಾಗದಿದ್ದರೂ ಗಾಳಿಗೆ ಕೂತೆ.

ಪಕ್ಕದ ಕುರ್ಚಿಯ ಅಜ್ಜ ಯಾವ ದೇಶ ಅಂತ ಕೇಳಿದರು. ಇಂಡಿಯಾ ಅಂದೆ. ಮುಖ ಅರಳಿತು. ಪರದೆ ತೋರಿಸಿ, ಎರಡೂ ಕೈಯಿಂದ ಬಂದೂಕು ಹಿಡಿದ ಹಾಗೆ ಮಾಡಿ, "ಶೋಲೆ!" ಅಂದರು.

ನನಗೆ ಗೊತ್ತೇ ಇರಲಿಲ್ಲ. ಹಳೆಯ ಚಿತ್ರಗಳನ್ನು ರಿಪೇರಿ ಮಾಡಿ ತೋರಿಸುವ "ಇಲ್ ಚಿನೆಮಾ ರಿತ್ರೊವಾತೊ" ಉತ್ಸವ ಪ್ರತಿವರ್ಷ ಜೂನ್ ಕೊನೆಗೆ ಈ ಊರಲ್ಲಿ ನಡೆಯುತ್ತದೆ. 2025ರ ಜೂನ್ 27ರಂದು, ಅಂದರೆ ನಾನು ಬರುವ ಕೆಲವೇ ದಿನ ಮೊದಲು, ಇದೇ ಚೌಕದಲ್ಲಿ "ಶೋಲೆ"ಯನ್ನು ತೋರಿಸಿದ್ದರು. ಸೆನ್ಸಾರ್ ಕತ್ತರಿಸಿದ ಭಾಗವನ್ನೂ ಸೇರಿಸಿ, ಮೊದಲಿನ ಕ್ಲೈಮ್ಯಾಕ್ಸ್ ಜೊತೆಗೆ. ಇನ್ನೊಂದು ಸಂಗತಿ: ನಮ್ಮ ಗಿರೀಶ್ ಕಾಸರವಳ್ಳಿಯವರ "ಘಟಶ್ರಾದ್ಧ"ವನ್ನು ಹೊಸದಾಗಿ ಸರಿಪಡಿಸಿದ್ದೂ ಈ ಊರಿನ ಪ್ರಯೋಗಾಲಯದಲ್ಲೇ. 2024ರಲ್ಲಿ ಅದು ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು.

ಶೋಲೆ ತೆಗೆದದ್ದು ನಮ್ಮೂರಲ್ಲಿ ಅಂತ ಅಜ್ಜನಿಗೆ ಹೇಳಬೇಕಲ್ಲ! ಫೋನಿನ ಅನುವಾದಕ ತೆರೆದು ಹೇಳಿದೆ. ಅವರು ನಂಬಲಿಲ್ಲ. ರಾಮದೇವರ ಬೆಟ್ಟದ ಫೋಟೊ ತೋರಿಸಿದೆ. ಬಂಡೆ ನೋಡಿದ್ದೇ ತಡ, ನನ್ನ ಬೆನ್ನಿಗೊಂದು ಗುದ್ದಿ, ಹಿಂದಿನ ಸಾಲಿನವರಿಗೆಲ್ಲ ಹೇಳಿದರು. ಐದು ನಿಮಿಷ ನಾನೇ ಹೀರೊ.

ಆಗ ಅಪ್ಪ ನೆನಪಾದರು. ಶೂಟಿಂಗ್ ನಡೆಯುವಾಗ ಅಪ್ಪ ಹತ್ತು ವರ್ಷದ ಹುಡುಗ. ಶಾಲೆ ತಪ್ಪಿಸಿ ಬೆಟ್ಟಕ್ಕೆ ಹೋಗುತ್ತಿದ್ದರಂತೆ, ಗಬ್ಬರ್ ಸಿಂಗನ ಕುದುರೆಗೆ ಹುಲ್ಲು ಹಾಕಿದ್ದರಂತೆ. ಆ ಕಥೆಯನ್ನು ಅವರು ಹೇಳುತ್ತಿದ್ದದ್ದು ಯಾವಾಗಲೂ ಜಗುಲಿಯ ಮೇಲೆ ಕೂತು. ದಾರಿಯಲ್ಲಿ ಹೋಗುವವರು ನಿಂತು ಕೇಳಿ "ಬಿಡಪ್ಪಾ ಕಂಡಿದೀವಿ" ಅಂತ ನಕ್ಕು ಹೋಗುತ್ತಿದ್ದರು. ಒಳಗೆ ಸೋಫಾದ ಮೇಲೆ ಕೂತು ಅವರು ಒಂದು ಸಲವೂ ಆ ಕಥೆ ಹೇಳಿದ್ದು ನನಗೆ ನೆನಪಿಲ್ಲ.

ಊರಲ್ಲಿ ಆಗ ಬೆಳಗಿನ ಜಾವ ಎರಡೂವರೆ. ಫೋನ್ ಮಾಡುವ ಹಾಗಿರಲಿಲ್ಲ.

666 ಕಮಾನು

ಭಾನುವಾರ ಬೆಳಿಗ್ಗೆ ಆರಕ್ಕೇ ಎದ್ದು ಸಾನ್ ಲೂಕಾ ಬೆಟ್ಟಕ್ಕೆ ಹೊರಟೆ. ಊರಿನ ಬಾಗಿಲಿನಿಂದ ಬೆಟ್ಟದ ಮೇಲಿನ ಚರ್ಚಿನವರೆಗೆ ಸುಮಾರು 3.8 ಕಿಲೋಮೀಟರ್ ಪೋರ್ಟಿಕೊ ಇದೆ. ಒಟ್ಟು 666 ಕಮಾನು. 1674ರಲ್ಲಿ ಕಟ್ಟಲು ಶುರು ಮಾಡಿ ದಶಕಗಟ್ಟಲೆ ಕಟ್ಟಿದರು. ಮೇಲಿರುವ ಮೇರಿ ಮಾತೆಯ ಚಿತ್ರಪಟವನ್ನು ಪ್ರತಿವರ್ಷ ಮೆರವಣಿಗೆಯಲ್ಲಿ ಊರಿಗೆ ಇಳಿಸುತ್ತಾರೆ. ಆ ರೂಢಿ 1433ರಲ್ಲಿ ಶುರುವಾಯಿತು, ಬೆಳೆ ಹಾಳುಮಾಡುತ್ತಿದ್ದ ಮಳೆ ನಿಲ್ಲಲಿ ಅಂತ. ನಮ್ಮ ಕಡೆ ಮಳೆ ಬರಲಿ ಅಂತ ಕತ್ತೆ ಮದುವೆ ಮಾಡಿಸುತ್ತೇವೆ, ಅವರಿಗೆ ಮಳೆಯೇ ಕಷ್ಟ.

ಏರು ಜೋರಾಗಿದೆ, ರಾಮದೇವರ ಬೆಟ್ಟ ಹತ್ತಿದವರಿಗೆ ಕಷ್ಟವಲ್ಲ. ಜಾಗಿಂಗ್ ಮಾಡುವವರು, ಜಪಮಾಲೆ ಹಿಡಿದ ಅಜ್ಜಿಯರು, ರಾತ್ರಿಯಿಂದ ಮಲಗದೆ ಬಂದ ಹುಡುಗರು, ಎಲ್ಲರೂ ಒಂದೇ ಮಾಡಿನ ಕೆಳಗೆ. ದಾರಿಯುದ್ದಕ್ಕೂ ಗೋಡೆಯ ಮೇಲೆ ಆಯಾ ಕಮಾನಿಗೆ ದುಡ್ಡು ಕೊಟ್ಟ ಮನೆತನ, ಸಂಘಗಳ ಹೆಸರು ಕಾಣುತ್ತವೆ. ಬೆಟ್ಟಕ್ಕೆ ಮಾಡು ಹಾಕಿದ್ದು ಒಬ್ಬ ರಾಜನಲ್ಲ.

ಅರ್ಧ ದಾರಿಯಲ್ಲಿ ಕೂತು ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಊರಲ್ಲಿ ಹತ್ತು ಗಂಟೆ. ಅಪ್ಪ ಜಗುಲಿಯ ಮೇಲೇ ಪೇಪರ್ ಹಿಡಿದು ಕೂತಿದ್ದರು.

"ಏನ್ ಮಗ, ತಿಂಡಿ ಆಯ್ತಾ?"

ಶೋಲೆ ವಿಷಯ ಹೇಳಿದೆ. ಒಂದು ನಿಮಿಷ ಸುಮ್ಮನಿದ್ದು, "ಹಂಗಾದ್ರೆ ಕೊನೇಲಿ ಠಾಕೂರ್ ಗಬ್ಬರ್‌ನ ಸಾಯಿಸ್ತಾನಾ?" ಅಂದರು.

"ಹೂಂ ಅಪ್ಪ, ಪೊಲೀಸ್ ಬಂದು ತಡೆಯಲ್ಲ."

"ನಾನು ಅವತ್ತೇ ಹೇಳಿದ್ನಲ್ಲೋ! ಯಾರು ನಂಬಿದ್ರು?"

ಆಮೇಲೆ ಕ್ಯಾಮೆರಾ ತಿರುಗಿಸಿ ಕಮಾನುಗಳನ್ನು ತೋರಿಸಿದೆ. "ಇದು ಯಾರ ಜಾಗ?" ಅಂದರು. ಊರೊಳಗೆ ಆಯಾ ಮನೆಯವರದು, ಆದರೆ ಯಾರು ಬೇಕಾದರೂ ನಡೆಯಬಹುದು, 1288ರಿಂದ ಕಾನೂನು ಹಾಗಿದೆ ಅಂತ ಹೇಳಿದೆ. ಅಪ್ಪ ನನ್ನನ್ನು ಹಂಗಿಸಬಹುದಿತ್ತು. ಹಂಗಿಸಲಿಲ್ಲ. "ಕಂಬ ಚೆನ್ನಾಗವೆ" ಅಂದರು ಅಷ್ಟೆ. ನನಗೆ ಅದು ಹಂಗಿಸಿದ್ದಕ್ಕಿಂತ ಹೆಚ್ಚು ತಾಕಿತು.

ಅಲ್ಲೇ ಕೂತು ಎಂಜಿನಿಯರ್‌ಗೆ ಮೆಸೇಜ್ ಮಾಡಿದೆ: ಕೆಳಗಿನ ಗೋಡೆ ಐದಡಿ ಹಿಂದಕ್ಕೆ, ಮುಂದೆ ನಾಲ್ಕು ಕಂಬ, ಮೇಲಿನ ಅಂತಸ್ತು ಕಂಬದ ಮೇಲೆ ಹಾಗೇ ಬರಲಿ. ಲೆಕ್ಕ ಹಾಕಿದರೆ ಹೋಗೋದು ನೆಲ ಅಂತಸ್ತಿನ ನೂರೈವತ್ತು ಚದರಡಿ. ಮೂರು ಮಳಿಗೆ ಮೂರೇ ಇರುತ್ತವೆ, ಸ್ವಲ್ಪ ಗಿಡ್ಡ ಆಗುತ್ತವೆ. ಇಷ್ಟು ಸುಲಭದ ದಾರಿ ನನಗೆ ಮೊದಲೇ ಹೊಳೆಯಲಿಲ್ಲ, ಯಾಕೆಂದರೆ ನಾನು ಹುಡುಕಿರಲಿಲ್ಲ.

ಹೋಗುವವರಿಗೆ

ಫ್ಲಾರೆನ್ಸ್‌ನಿಂದ ವೇಗದ ರೈಲಿನಲ್ಲಿ ನಲವತ್ತು ನಿಮಿಷದೊಳಗೆ, ಮಿಲಾನ್‌ನಿಂದ ಸುಮಾರು ಒಂದು ಗಂಟೆ, ವೆನಿಸ್‌ನಿಂದ ಒಂದೂವರೆ ಗಂಟೆ. ವಿಮಾನ ನಿಲ್ದಾಣದಿಂದ ರೈಲು ನಿಲ್ದಾಣಕ್ಕೆ ಮೊನೊರೈಲ್ ಏಳೆಂಟು ನಿಮಿಷ. ಊರೊಳಗೆ ಎಲ್ಲವೂ ಕಾಲ್ನಡಿಗೆಯ ದೂರ. ಆಗಸ್ಟ್‌ನಲ್ಲಿ ಊರಿನವರೇ ರಜೆಗೆ ಹೋಗಿ ಎಷ್ಟೋ ಅಂಗಡಿ ಮುಚ್ಚಿರುತ್ತವೆ. ಸಿನಿಮಾ ಬೇಕಾದರೆ ಜೂನ್ ಕೊನೆ, ಹವೆ ಬೇಕಾದರೆ ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್.

ಸ್ಟೇಷನ್ನಿನಲ್ಲಿ ಹೊರಡುವ ಮುನ್ನ ಹೊರಗೋಡೆಯ ಒಂದು ಗಡಿಯಾರ ನೋಡಿ. ಸದಾ 10 ಗಂಟೆ 25 ನಿಮಿಷ ತೋರಿಸುತ್ತದೆ. ಕೆಟ್ಟಿರುವುದಲ್ಲ. 1980ರ ಆಗಸ್ಟ್ 2ರಂದು ಆ ಹೊತ್ತಿಗೆ ಇಲ್ಲಿನ ವೇಟಿಂಗ್ ರೂಮಿನಲ್ಲಿ ಬಾಂಬ್ ಸಿಡಿದು 85 ಜನ ಸತ್ತರು. ರಜೆಗೆ ಹೊರಟಿದ್ದವರೇ ಹೆಚ್ಚು. ಊರು ಆ ಗಡಿಯಾರವನ್ನು ಹಾಗೇ ಉಳಿಸಿಕೊಂಡಿದೆ. ಅದರ ಕೆಳಗೆ ನಾವೆಲ್ಲ ಬ್ಯಾಗ್ ಎಳೆದುಕೊಂಡು ಓಡಾಡುತ್ತೇವೆ.

ರಾಮನಗರದ ಮನೆ ಈಗ ಮೊದಲ ಮೋಲ್ಡ್ ಮುಗಿಸಿದೆ. ಮಳಿಗೆ ಗಿಡ್ಡವಾಯಿತು ಅಂತ ಮೊಬೈಲ್ ಅಂಗಡಿಯವನು ಬಾಡಿಗೆಯಲ್ಲಿ ಸಾವಿರದೈನೂರು ಇಳಿಸಿ ಮಾತಾಡಿದ. ಇಎಂಐ ಕಟ್ಟುವಾಗ ಪ್ರತಿ ತಿಂಗಳೂ ನೆನಪಾಗುತ್ತದೆ, ಸುಳ್ಳು ಹೇಳಲ್ಲ. ಹೋದ ತಿಂಗಳು ಕೆಲಸ ನೋಡಲು ಹೋಗಿದ್ದಾಗ ಸಂಜೆ ಜೋರು ಮಳೆ. ಗೂಡಿನ ಮಾರುಕಟ್ಟೆ ಕಡೆಯಿಂದ ಬರುತ್ತಿದ್ದ ಇಬ್ಬರು ಚೀಲ ಹೊತ್ತುಕೊಂಡು ಓಡಿ ಬಂದು ಕಂಬದ ಒಳಗೆ ನಿಂತರು. ಯಾರ ಮನೆ ಅಂತ ಕೇಳಲಿಲ್ಲ. ಅಪ್ಪ ಸಿಮೆಂಟ್ ಮೂಟೆಯ ಮೇಲೆ ಕೂತಿದ್ದರು.

"ಗೂಡು ಏನ್ ರೇಟು ಇವತ್ತು?" ಅಂತ ಮಾತು ತೆಗೆದರು.